ಜಲಪಾತದ ದಾರಿಗೆ ಬೀಗ ಹಾಕುವ ಮೊದಲು ನೀರು ಅಳೆಯಿರಿ: ಕಾಡುದಾರಿಗಳ ಉಸ್ತುವಾರಿ ಹೊತ್ತವರಿಗೆ ಬಹಿರಂಗ ಪತ್ರ

ಮಾನ್ಯರೇ,

ಕಾಡು ಹೊದ್ದ ಪ್ರಸ್ಥಭೂಮಿಗಳಲ್ಲಿ ಜಲಪಾತಕ್ಕೆ ಹೋಗುವ ದಾರಿಯ ಬಾಯಲ್ಲಿ ಸಾಮಾನ್ಯವಾಗಿ ಎರಡೇ ಬಗೆಯ ಫಲಕ ಇರುತ್ತವೆ. ಒಂದು ‘ಅಪಾಯ, ನೀರಿಗೆ ಇಳಿಯಬೇಡಿ’. ಇನ್ನೊಂದು ‘ಪ್ರವೇಶ ನಿಷೇಧಿಸಿದೆ’. ಮೊದಲನೆಯದು ವರ್ಷವಿಡೀ ಅಲ್ಲೇ ನಿಂತಿರುತ್ತದೆ. ಪಾದ ಮುಳುಗದಷ್ಟು ನೀರಿರುವಾಗಲೂ ಬಂಡೆ ಉರುಳಿಸುವ ಪ್ರವಾಹ ಇರುವಾಗಲೂ ಅದೇ ಅಕ್ಷರ, ಅದೇ ಕೆಂಪು ಬಣ್ಣ. ಆದ್ದರಿಂದ ಅದನ್ನು ಯಾರೂ ಓದುವುದಿಲ್ಲ. ಎರಡನೆಯದು ಸಾವೊಂದು ಸಂಭವಿಸಿದ ಮೇಲೆ ಬರುತ್ತದೆ. ಅದು ತುಕ್ಕು ಹಿಡಿಯುವ ಮೊದಲೇ ಪಕ್ಕದ ಪೊದೆ ಸೀಳಿಕೊಂಡು ಒಂದು ಕಳ್ಳದಾರಿ ಸವೆದಿರುತ್ತದೆ. ಕಳ್ಳದಾರಿಗೆ ಮೆಟ್ಟಿಲಿಲ್ಲ, ಕಂಬಿಯಿಲ್ಲ, ಬಿದ್ದವರನ್ನು ಹುಡುಕುವುದಕ್ಕೆ ಗುರುತೂ ಇಲ್ಲ.

ನಮ್ಮ ಬೇಡಿಕೆ ಒಂದೇ. ದಾರಿ ತೆರೆಯುವ, ಮುಚ್ಚುವ ತೀರ್ಮಾನವನ್ನು ಕ್ಯಾಲೆಂಡರ್ ನೋಡಿ ಮಾಡಬೇಡಿ, ಪತ್ರಿಕೆಯ ಸುದ್ದಿ ನೋಡಿಯೂ ಮಾಡಬೇಡಿ. ಆ ಹೊತ್ತಿನ ನೀರು ನೋಡಿ ಮಾಡಿ. ಇಡೀ ದಾರಿಗೆ ಒಂದೇ ಬೀಗ ಹಾಕುವ ಬದಲು ನೀರಿನ ಮಟ್ಟಕ್ಕೆ ತಕ್ಕಂತೆ ಭಾಗ ಭಾಗವಾಗಿ ಮುಚ್ಚಿ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಹಗ್ಗ, ಅಳತೆಪಟ್ಟಿ, ಗಡಿಯಾರ, ಉಳಿ, ಸುತ್ತಿಗೆ ಇದ್ದರೆ ಕೆಲಸ ಶುರು ಮಾಡಬಹುದು. ಹೇಗೆ ಎಂಬುದನ್ನು ಕೆಳಗೆ ವಿವರವಾಗಿ ಬರೆದಿದ್ದೇವೆ.

ಅದಕ್ಕೂ ಮೊದಲು ನೆಲದ ಸ್ವಭಾವದ ಬಗ್ಗೆ ಎರಡು ಮಾತು. ಬೆಟ್ಟ ಹತ್ತುವವರು ಸುಸ್ತಾದರೆ ಅರ್ಧದಲ್ಲೇ ತಿರುಗಿ ಇಳಿದುಬಿಡಬಹುದು. ಪ್ರಸ್ಥಭೂಮಿಯ ಜಲಪಾತದಲ್ಲಿ ಲೆಕ್ಕ ತಲೆಕೆಳಗು. ವಾಹನ ನಿಲ್ಲುವುದು ಮೇಲಿನ ಸಮತಟ್ಟಿನಲ್ಲಿ, ನೀರು ಬೀಳುವುದು ಕಮರಿಯ ತಳಕ್ಕೆ. ಮೈಯಲ್ಲಿ ಕಸುವಿರುವಾಗ ಇಳಿಜಾರು, ಒದ್ದೆಯಾಗಿ ದಣಿದ ಮೇಲೆ ಏರು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಈಗಲೂ ಬಳಸುತ್ತಾರೆ: ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ, ಜೊತೆಗೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಜಲಪಾತದ ಬುಡದಿಂದ ಮೇಲಕ್ಕೆ 3 ಕಿಲೋಮೀಟರ್ ದೂರ, 200 ಮೀಟರ್ ಏರು ಇದ್ದರೆ ಈ ಸೂತ್ರದ ಪ್ರಕಾರ 56 ನಿಮಿಷ ಸಾಕು. ಆದರೆ ಆ ಸೂತ್ರ ಒಳ್ಳೆಯ ನೆಲದಲ್ಲಿ ನಡೆಯುವ ಗಟ್ಟಿಗರಿಗಾಗಿ ಹೇಳಿದ್ದು. ಒದ್ದೆ ಬೇರು, ಸಡಿಲ ಕಲ್ಲು, ಮಕ್ಕಳು ಜೊತೆಗಿದ್ದರೆ ಅದನ್ನು ಎರಡರಿಂದ ಗುಣಿಸಿ. ಮೇಲಾಗಿ ಮರಗಳ ನೆರಳು, ಕಮರಿಯ ಗೋಡೆಗಳ ನಡುವೆ ಮೇಲಿಗಿಂತ ಬೇಗ ಕತ್ತಲಾಗುತ್ತದೆ. ಹೀಗಿರುವಾಗ ‘ಸಂಜೆ 6ಕ್ಕೆ ಮುಚ್ಚಲಾಗುವುದು’ ಎಂಬ ಫಲಕದಿಂದ ಉಪಯೋಗವಿಲ್ಲ. ಬರೆಯಬೇಕಾದದ್ದು ‘ಕೆಳಗಿಳಿಯಲು ಕೊನೆಯ ಹೊತ್ತು ಇಷ್ಟು’ ಎಂದು. ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ: ಏರಲು 2 ಗಂಟೆ, ಕೆಳಗೆ ತಂಗಲು 1 ಗಂಟೆ, ಇಳಿಯಲು ಒಂದೂವರೆ ಗಂಟೆ. ಅಂದರೆ ಸೂರ್ಯಾಸ್ತಕ್ಕೆ ನಾಲ್ಕೂವರೆ ಗಂಟೆ ಮೊದಲೇ ಇಳಿಯುವ ದಾರಿ ಮುಚ್ಚಬೇಕು.

ಇನ್ನು ಕಲ್ಲಿನ ವಿಚಾರ. ಪ್ರಸ್ಥಭೂಮಿಯ ಅಂಚಿನ ಎಷ್ಟೋ ಜಲಪಾತಗಳಲ್ಲಿ ಮೇಲೆ ಗಟ್ಟಿ ಪದರ, ಕೆಳಗೆ ಮೆತ್ತನೆಯದು. ಅಮೆರಿಕದ ಕಂಬರ್‌ಲ್ಯಾಂಡ್ ಪ್ರಸ್ಥಭೂಮಿಯಲ್ಲಿ ಮೇಲಿನದು ಮರಳುಗಲ್ಲು, ಅಡಿಯಲ್ಲಿ ಜೇಡಿಗಲ್ಲಿನ ಪದರಗಳು. 78 ಮೀಟರ್ ಎತ್ತರದ ಫಾಲ್ ಕ್ರೀಕ್ ಜಲಪಾತ ಇರುವುದು ಅಲ್ಲೇ. ತುಂತುರು ಮತ್ತು ಒಸರುವ ನೀರು ಮೆತ್ತನೆಯ ಪದರವನ್ನು ಕೊರೆಯುತ್ತಾ ಹೋಗುತ್ತವೆ. ಮೇಲಿನ ಹಾಸುಬಂಡೆ ಆಧಾರವಿಲ್ಲದೆ ಮುಂದಕ್ಕೆ ಚಾಚಿಕೊಳ್ಳುತ್ತದೆ, ಒಂದು ದಿನ ಮುರಿದು ಬೀಳುತ್ತದೆ. ಬುಡದಲ್ಲಿ ಮನೆ ಗಾತ್ರದ ಬಂಡೆಗಳು ಬಿದ್ದಿವೆಯಲ್ಲ, ಅವೆಲ್ಲ ಒಂದಾನೊಂದು ಕಾಲದಲ್ಲಿ ಮೇಲಿನ ಅಂಚೇ ಆಗಿದ್ದವು. ಬಸಾಲ್ಟ್ ಶಿಲೆಯ ಪ್ರಸ್ಥಭೂಮಿಗಳಲ್ಲಿ ಬಂಡೆ ಕಂಬ ಕಂಬವಾಗಿ ಬಿರುಕುಗಳುದ್ದಕ್ಕೂ ಕಳಚುತ್ತದೆ. ಅಂಚಿನಲ್ಲಿ ನಿಂತವರಿಗೆ ಕಾಲಡಿಯ ಪೊಳ್ಳು ಕಾಣದು, ಬುಡದಲ್ಲಿ ಕುಳಿತವರಿಗೆ ತಲೆ ಮೇಲಿನ ಬಿರುಕು ಕಾಣದು. 30 ಮೀಟರ್ ಮೇಲಿಂದ ಬಿದ್ದ ಮುಷ್ಟಿಗಾತ್ರದ ಕಲ್ಲು ಎರಡೂವರೆ ಸೆಕೆಂಡಿನಲ್ಲಿ ಕೆಳಗಿರುತ್ತದೆ, ಗಂಟೆಗೆ ಸುಮಾರು 87 ಕಿಲೋಮೀಟರ್ ವೇಗದಲ್ಲಿ. ಮೇಲಿಂದ ಕೂಗಿದರೆ ಜಲಪಾತದ ಸದ್ದಿನಲ್ಲಿ ಕೇಳಿಸುವುದಿಲ್ಲ. ಹಾಗಾಗಿ ಬುಡದಲ್ಲಿ ಕೂರಲು ಕಟ್ಟೆ ಕಟ್ಟುವುದಾದರೆ ಗೋಡೆಯ ಬುಡದಿಂದ ದೂರ, ಹೊಸದಾಗಿ ಒಡೆದ ಕಲ್ಲಿನ ಚೂರು ಕಾಣದ ಕಡೆ ಕಟ್ಟಿ. ಹಳೆಯ ಕಲ್ಲಿಗೆ ಪಾಚಿ ಕಟ್ಟಿರುತ್ತದೆ. ಹೊಸ ಒಡಕು ಬಣ್ಣದಲ್ಲೇ ಗೊತ್ತಾಗುತ್ತದೆ.

ಬುಡದ ಸದ್ದಿಗೆ ಜನ ತಾವಾಗಿಯೇ ಹೆದರುತ್ತಾರೆ. ಮೇಲಂಚು ಹಾಗಲ್ಲ. ಅಲ್ಲಿ ಹಳ್ಳ ಹಾಸುಬಂಡೆಯ ಮೇಲೆ ತೆಳ್ಳಗೆ, ಸದ್ದಿಲ್ಲದೆ, ಪಾದ ಮುಳುಗುವಷ್ಟೇ ಆಳದಲ್ಲಿ ಹರಿಯುತ್ತಿರುತ್ತದೆ. ನೋಡಿದರೆ ಸಾಧು. ಕಲ್ಲಿನ ಮೇಲೆ ಕಂದು ಅಥವಾ ಕಪ್ಪು ಬಣ್ಣದ ತೆಳು ಲೋಳೆಪೊರೆ ಇರುತ್ತದೆ. ಹಸಿರು ಪಾಚಿಯನ್ನು ಕಂಡು ಎಚ್ಚರಾಗುವವರು ಈ ಪೊರೆಯನ್ನು ಕಲ್ಲಿನ ಬಣ್ಣವೆಂದೇ ತಿಳಿದು ಕಾಲಿಡುತ್ತಾರೆ. ಒಳ್ಳೆಯ ರಬ್ಬರ್ ಅಟ್ಟೆಯ ಶೂ ಕೂಡ ಅಲ್ಲಿ ನಿಲ್ಲುವುದಿಲ್ಲ. ಸೆಕೆಂಡಿಗೆ ಒಂದೂವರೆ ಮೀಟರ್ ಹರಿವಿನಲ್ಲಿ ಬಿದ್ದವರು 30 ಮೀಟರ್ ದೂರವನ್ನು 20 ಸೆಕೆಂಡಿನಲ್ಲಿ ಸವೆಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅಂಚಿನಿಂದ 100 ಮೀಟರಿಗಿಂತ ಹತ್ತಿರದಲ್ಲಿ ಹಳ್ಳ ದಾಟುವ ಜಾಗ ಇರಲೇಬಾರದು. ಇದ್ದರೆ ಅದನ್ನು ಮೇಲಕ್ಕೆ ಸರಿಸಿ, ಅದರ ಕೆಳಗೆ ನಿಧಾನವಾಗಿ ಹರಿಯುವ ಅಗಲ ಜಾಗವೊಂದು ಇರುವಂತೆ ನೋಡಿಕೊಳ್ಳಿ. ಕಂಬಿಯ ವಿಷಯದಲ್ಲೂ ತಪ್ಪಾಗುವುದು ಇಲ್ಲೇ. ತುತ್ತತುದಿಯಲ್ಲಿ ಕಂಬಿ ಹಾಕಿದರೆ ಅದು ಜನರನ್ನು ತುತ್ತತುದಿಗೆ ಕರೆಯುತ್ತದೆ. ದಾಟಿ ಆಚೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಅಲ್ಲಿಂದಲೇ ಹುಟ್ಟುತ್ತಾರೆ. ಕಂಬಿ ಒಣ ನೆಲದಲ್ಲಿ, ಅಂಚಿನಿಂದ ಹಿಂದೆ, 110 ಸೆಂಟಿಮೀಟರ್ ಎತ್ತರದಲ್ಲಿ, ಮಗುವಿನ ತಲೆ ತೂರದಂತೆ 10 ಸೆಂಟಿಮೀಟರಿಗಿಂತ ಕಿರಿದಾದ ಸಂದಿಗಳೊಂದಿಗೆ ಇರಲಿ.

ಈಗ ಮುಖ್ಯ ವಿಚಾರ, ನೀರಿನ ಅಳತೆ.

ಹರಿಯುವ ನೀರಿನ ನೂಕು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊಣಕಾಲ ಮಟ್ಟದ, ಅಂದರೆ ಅರ್ಧ ಮೀಟರ್ ಆಳದ ನೀರಿನಲ್ಲಿ ನಿಂತವರ ಎರಡು ಕಾಲುಗಳ ಮೇಲೆ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದ ಹರಿವು ಸುಮಾರು 17 ಕಿಲೋ ಭಾರದಷ್ಟು ನೂಕುತ್ತದೆ. ವೇಗ ದುಪ್ಪಟ್ಟಾದರೆ ನೂಕು ನಾಲ್ಕು ಪಟ್ಟು, ಹತ್ತಿರ ಹತ್ತಿರ 70 ಕಿಲೋ. ನೀರು ತೊಡೆ ದಾಟಿದ ಮೇಲೆ ಮೈ ಹಗುರಾಗಿ ಪಾದದ ಹಿಡಿತವೂ ತಪ್ಪುತ್ತದೆ. ಆಳ ಮಾತ್ರ ನೋಡಿ ‘ಮೊಣಕಾಲುದ್ದ ಇದೆ, ಪರವಾಗಿಲ್ಲ’ ಎನ್ನುವುದು ಆದ್ದರಿಂದಲೇ ತಪ್ಪು. ಆಸ್ಟ್ರೇಲಿಯಾದ ಪ್ರವಾಹ ಮಾರ್ಗಸೂಚಿಗಳು ಆಳವನ್ನು (ಮೀಟರಿನಲ್ಲಿ) ವೇಗದಿಂದ (ಸೆಕೆಂಡಿಗೆ ಮೀಟರಿನಲ್ಲಿ) ಗುಣಿಸಿ ಬರುವ ಸಂಖ್ಯೆಯನ್ನು ನೋಡುತ್ತವೆ. ಮಕ್ಕಳಿಗೆ 0.4, ವಯಸ್ಕರಿಗೆ 0.6 ದಾಟಿದರೆ ಅಪಾಯದ ಮಟ್ಟ ಏರುತ್ತದೆ, 0.8ರ ಮೇಲೆ ತರಬೇತಾದವರಿಗೂ ಕಷ್ಟ. 30 ಸೆಂಟಿಮೀಟರ್ ಆಳದ ನೀರು ಸೆಕೆಂಡಿಗೆ 2 ಮೀಟರ್ ಹರಿದರೆ ಅಲ್ಲಿಗೆ 0.6 ಮುಗಿಯಿತು, ಮೊಣಕಾಲೂ ಮುಳುಗಿರುವುದಿಲ್ಲ. ಈ ಮಿತಿಗಳು ಸಮತಟ್ಟಾದ ಗಟ್ಟಿ ನೆಲಕ್ಕೆ. ಉರುಟು ಕಲ್ಲು, ಲೋಳೆ ಇರುವ ಹಳ್ಳಕ್ಕೆ ವಯಸ್ಕರಿಗೂ 0.4ನ್ನೇ ಮಿತಿ ಮಾಡಿ ಎನ್ನುತ್ತೇವೆ.

ಅಳೆಯುವ ಬಗೆ ಹೀಗೆ. ದಾಟುವ ಜಾಗದಲ್ಲಿ ಅಥವಾ ಅದರ ತುಸು ಮೇಲೆ ಹಳ್ಳ 10–15 ಮೀಟರ್ ನೇರವಾಗಿ, ದೊಡ್ಡ ಬಂಡೆಗಳಿಲ್ಲದೆ ಹರಿಯುವ ಕಡೆ ಆರಿಸಿ. ಅಡ್ಡಲಾಗಿ ಹಗ್ಗ ಕಟ್ಟಿ ಪ್ರತಿ ಅರ್ಧ ಮೀಟರಿಗೆ ಆಳ ಗುರುತು ಹಾಕಿಕೊಳ್ಳಿ. ದಡದಲ್ಲಿ 10 ಮೀಟರ್ ಅಂತರದಲ್ಲಿ ಎರಡು ಗೂಟ ನೆಡಿ. ಮೇಲಿನ ಗೂಟಕ್ಕಿಂತ ಸ್ವಲ್ಪ ಮೊದಲೇ ನೆನೆದ ಮರದ ತುಂಡೊಂದನ್ನು ಬಿಟ್ಟು ಎರಡು ಗೂಟಗಳ ನಡುವಿನ ಸೆಕೆಂಡು ಎಣಿಸಿ. ಒಣ ಎಲೆ, ಖಾಲಿ ಬಾಟಲಿ ಬೇಡ, ಅವು ಗಾಳಿಗೆ ಓಡುತ್ತವೆ. ಎಡ, ನಡು, ಬಲ ಮೂರೂ ಕಡೆ ಐದೈದು ಸಲ ಮಾಡಿ. ಒಟ್ಟು ಹರಿವಿನ ಲೆಕ್ಕಕ್ಕಾದರೆ ಮೇಲ್ಮೈ ವೇಗವನ್ನು 0.85ರಿಂದ ಗುಣಿಸುವುದು ರೂಢಿ. ದಾಟುವ ಅಪಾಯದ ಲೆಕ್ಕಕ್ಕೆ ಆ ರಿಯಾಯಿತಿ ಬೇಡ: ಎಲ್ಲಕ್ಕಿಂತ ಹೆಚ್ಚಿನ ವೇಗವನ್ನು ಎಲ್ಲಕ್ಕಿಂತ ಹೆಚ್ಚಿನ ಆಳದಿಂದ ಗುಣಿಸಿ. ಇದನ್ನು ನೀರು ಕಡಿಮೆ ಇರುವಾಗ, ನಡುವಣ ಮಟ್ಟದಲ್ಲಿ, ತುಂಬಿ ಹರಿಯುವಾಗ ಮೂರೂ ಹೊತ್ತು ಮಾಡಬೇಕು. ತುಂಬಿದ ಹಳ್ಳಕ್ಕೆ ಸಿಬ್ಬಂದಿ ಇಳಿಯಕೂಡದು. ತಳದ ಅಳತೆ ಮೊದಲೇ ಕೈಯಲ್ಲಿರುವುದರಿಂದ ನೀರು ಎಷ್ಟು ಸೆಂಟಿಮೀಟರ್ ಏರಿದೆ ಎಂದು ದಡದಿಂದಲೇ ನೋಡಿ ಕೂಡಿಸಿದರೆ ಆಳ ಸಿಗುತ್ತದೆ.

ಮೂರು ಸಲದ ಲೆಕ್ಕ ಕೈಗೆ ಬಂದ ಮೇಲೆ ಗುಣಲಬ್ಧ 0.4 ಆಗುವ ಮಟ್ಟ ಯಾವುದೆಂದು ಗೊತ್ತಾಗುತ್ತದೆ. ಅದು ಕೆಂಪು ಗೆರೆ. ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಹಳದಿ ಗೆರೆ. ಬರೀ ಬಣ್ಣ ಬಳಿದರೆ ಪ್ರವಾಹದ ಮರಳು ಒಂದೇ ಮಳೆಗಾಲದಲ್ಲಿ ಉಜ್ಜಿಹಾಕುತ್ತದೆ. ಅಲುಗದ ಬಂಡೆಯಲ್ಲಿ ಗೆರೆ ಕೊರೆದು ಬಣ್ಣ ತುಂಬಿ, ಅಥವಾ ರಂಧ್ರ ಕೊರೆದು ತುಕ್ಕುಹಿಡಿಯದ ಉಕ್ಕಿನ ಮೊಳೆ ಕೂರಿಸಿ. ಎರಡೂ ದಡದಲ್ಲಿ ಇರಲಿ. ವಾಪಸ್ ಬರುವವರು ಆಚೆ ದಡದಲ್ಲಿರುತ್ತಾರೆ, ಅವರಿಗೂ ಕಾಣಬೇಕು. ಹೋಗುವಾಗ ಹಳದಿಗಿಂತ ಕೆಳಗಿದ್ದ ನೀರು ಬರುವಾಗ ಕೆಂಪು ದಾಟಿದ್ದರೆ ಆಚೆ ದಡದಲ್ಲೇ ಕಾಯಬೇಕು ಎಂಬ ಸೂಚನೆಯೂ, ಮಳೆ ತಾಗದೆ ಕಾಯಲು ಒಂದು ಚಿಕ್ಕ ಮಾಡೂ ಅಲ್ಲಿ ಬೇಕು. ಸಣ್ಣ ಹಳ್ಳ ಮಳೆ ನಿಂತ ಮೇಲೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಕೆಲವು ಗಂಟೆ ಕಾಯುವ ತಾಳ್ಮೆಯಿಲ್ಲದೆ, ಕತ್ತಲಾಗುವ ಭಯದಲ್ಲಿ ದಾಟಲು ಹೋಗಿಯೇ ಎಷ್ಟೋ ಜನ ಕೊಚ್ಚಿಹೋಗುವುದು.

ಅಳತೆ ಕೆಡುವುದೂ ಉಂಟು. ಕೆಳಗಡೆ ಮರದ ದಿಮ್ಮಿ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಒತ್ತಿ ನಿಂತು ಗೆರೆ ಮುಳುಗುತ್ತದೆ, ವೇಗ ಮಾತ್ರ ಕಡಿಮೆ ಇರುತ್ತದೆ. ಇದರ ಉಲ್ಟಾ, ಪ್ರವಾಹ ತಳವನ್ನು ಕೆರೆದುಹಾಕಿದರೆ ಗೆರೆ ಸುರಕ್ಷಿತ ಎನ್ನುವಾಗಲೂ ಆಳ ಹೆಚ್ಚಿರುತ್ತದೆ. ಪ್ರತಿ ದೊಡ್ಡ ನೆರೆಯ ನಂತರ ತಳದ ಅಳತೆ ಹೊಸದಾಗಿ ಆಗಲೇಬೇಕು.

ಗೆರೆ ಹೇಳುವುದು ಈಗಿನ ನೀರನ್ನು, ಬರಲಿರುವ ನೀರನ್ನಲ್ಲ. 2 ಚದರ ಕಿಲೋಮೀಟರ್ ಜಲಾನಯನದ, ಅಂದರೆ ಹಳ್ಳಕ್ಕೆ ನೀರು ಹರಿದು ಬರುವ ನೆಲದ ಮೇಲೆ 30 ಮಿಲಿಮೀಟರ್ ಮಳೆ ಸುರಿದರೆ ಅದು 6 ಕೋಟಿ ಲೀಟರ್. ಪ್ರಸ್ಥಭೂಮಿಯ ಬಂಡೆ ಮೇಲೆ ಮಣ್ಣು ತೆಳು. ಅದು ನೆನೆದು ಮುಗಿದಿದ್ದರೆ ಉಳಿದದ್ದೆಲ್ಲ ಹಳ್ಳಕ್ಕೇ. ಇಂಥ ಚಿಕ್ಕ ಹಳ್ಳ ಒಂದು ಗಂಟೆಯೊಳಗೇ ಉಕ್ಕಬಲ್ಲದು. ಪ್ರಸ್ಥಭೂಮಿಯ ಅಂಚೇ ಮೋಡ ತಡೆಯುವ ಗೋಡೆ ಬೇರೆ. ಮೇಘಾಲಯದ ಸೊಹ್ರಾದಲ್ಲಿ (ಚಿರಾಪುಂಜಿ) 1860ರ ಆಗಸ್ಟ್‌ನಿಂದ 1861ರ ಜುಲೈವರೆಗೆ 26,461 ಮಿಲಿಮೀಟರ್ ಮಳೆ ದಾಖಲಾಯಿತು. 340 ಮೀಟರ್ ಧುಮುಕುವ ನೊಹ್‌ಕಲಿಕೈ ಜಲಪಾತ ಇರುವುದು ಅದರ ಹತ್ತಿರವೇ. ದೊಡ್ಡ ನದಿಗಳೂ ಇದಕ್ಕೆ ಹೊರತಲ್ಲ. ದಕ್ಷಿಣ ಅಮೆರಿಕದ ಇಗ್ವಾಸು ಜಲಪಾತದಲ್ಲಿ ಸಾಮಾನ್ಯ ದಿನಗಳಲ್ಲಿ ಸೆಕೆಂಡಿಗೆ 1,500 ಘನ ಮೀಟರ್ ಆಸುಪಾಸಿನ ಹರಿವು, 2014ರ ಜೂನ್‌ನಲ್ಲಿ ಅದು 45,000 ದಾಟಿತು. 2024ರ ಜೂನ್ 30ರಂದು ಮಹಾರಾಷ್ಟ್ರದ ಲೋನಾವಳದ ಭುಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಏರುತ್ತಿದ್ದ ನೀರಿನ ನಡುವೆ ಅವರು ಒಬ್ಬರನ್ನೊಬ್ಬರು ಹಿಡಿದು ನಿಂತ ದೃಶ್ಯ ದೇಶವೆಲ್ಲ ನೋಡಿದೆ. ದಡದಲ್ಲಿ ಜನರಿದ್ದರು, ಅವರನ್ನು ಉಳಿಸಲಾಗಲಿಲ್ಲ.

ಕಮರಿಯಲ್ಲಿರುವವರಿಗೆ ಸಿಗುವ ಸೂಚನೆಗಳು ಕೆಲವೇ, ಅವೂ ತಡವಾಗಿ: ತಿಳಿನೀರು ಕದಡಿ ಕೆಂಪಾಗುವುದು, ಎಲೆ ಕಡ್ಡಿ ತೇಲಿ ಬರುವುದು, ಸದ್ದು ದಪ್ಪವಾಗುವುದು, ತಳದಲ್ಲಿ ಕಲ್ಲು ಉರುಳುವ ಗುಡುಗುಡು. ಇಷ್ಟು ಕಂಡ ಮೇಲೆ ಚೀಲ, ಚಪ್ಪಲಿ ಹುಡುಕದೆ ಇದ್ದ ದಡದಲ್ಲೇ ಮೇಲಕ್ಕೆ ಹತ್ತಬೇಕು. ಆದರೆ ನಿಮ್ಮ ವ್ಯವಸ್ಥೆ ಈ ಸೂಚನೆಗಳಿಗೆ ಕಾಯಬಾರದು. ಜಲಾನಯನದ ಮೇಲ್ಭಾಗದಲ್ಲಿ ಒಂದು ಮಳೆಮಾಪಕ, ಅದನ್ನು ನೋಡುವ ಒಬ್ಬರು, ಕೆಳಗಿನ ಸಿಬ್ಬಂದಿಗೆ ವಾಕಿಟಾಕಿ. ಮಾಪಕದಲ್ಲಿ ಅರ್ಧ ಗಂಟೆಗೆ ಇಷ್ಟು ಮಿಲಿಮೀಟರ್ ದಾಟಿದರೆ ಬುಡ ಖಾಲಿ ಮಾಡಿಸಬೇಕು ಎಂಬ ಅಂಕಿ ಮೊದಲೇ ತೀರ್ಮಾನವಾಗಿರಲಿ. ಮೇಲೆ ಅಣೆಕಟ್ಟು ಇದ್ದರಂತೂ ಮಳೆಯೇ ಇಲ್ಲದೆ ನೀರು ಬರುತ್ತದೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ 24 ವಿದ್ಯಾರ್ಥಿಗಳು ಬಲಿಯಾದರು. ಅದು ಜಲಪಾತವಲ್ಲ ನಿಜ, ಆದರೆ ಪಾಠ ಅದೇ. ಗೇಟು ಎತ್ತುವವರ ಮತ್ತು ದಾರಿ ಕಾಯುವವರ ನಡುವೆ ನೇರ ದೂರವಾಣಿ ಇರಬೇಕು, ಸೈರನ್ನು ಜಲಪಾತದ ಸದ್ದಿನ ನಡುವೆಯೂ ಬುಡದಲ್ಲಿ ಕೇಳಿಸುತ್ತದೆಯೇ ಎಂದು ತುಂಬಿದ ನೀರಿನ ದಿನವೇ ಪರೀಕ್ಷಿಸಬೇಕು.

ಇಷ್ಟಾದರೆ ದಾರಿಯನ್ನು ಮೂರು ಭಾಗ ಮಾಡಬಹುದು. ಹಳದಿಗಿಂತ ಕೆಳಗೆ ಎಲ್ಲ ತೆರೆದಿರಲಿ. ಹಳದಿ ಮುಟ್ಟಿದರೆ ಹಳ್ಳ ದಾಟುವುದೂ ಬುಡಕ್ಕೆ ಇಳಿಯುವುದೂ ಬಂದ್. ಕೆಂಪು ದಾಟಿದರೆ ಜಲಪಾತಕ್ಕೆ ಎದುರಿನ ದೂರದ ನೋಟದ ಕಟ್ಟೆ ಮಾತ್ರ. ಆ ಕಟ್ಟೆಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಅದಕ್ಕೆ ಹೋಗುವ ದಾರಿಯಲ್ಲಿ ಒಂದೂ ಹಳ್ಳ ಅಡ್ಡ ಬರದಂತೆ ಮಾಡಿ. ಜಲಪಾತ ಚೆಂದವಾಗಿರುವುದೇ ನೀರು ತುಂಬಿದಾಗ. ಜನ ಬರುವುದೂ ಆಗಲೇ. ಬಂದವರಿಗೆ ಒಂದು ಕಡೆಯಿಂದಾದರೂ ನೋಡಲು ಸಿಕ್ಕರೆ ಕಳ್ಳದಾರಿ ಹುಡುಕುವವರ ಸಂಖ್ಯೆ ತಗ್ಗುತ್ತದೆ. ಇದಕ್ಕಿಂತ ಅಗ್ಗದ ಸುರಕ್ಷತಾ ವ್ಯವಸ್ಥೆ ಇನ್ನೊಂದಿಲ್ಲ.

ಮಡುವಿನ ವಿಷಯ. ಈಜು ಬಲ್ಲವರೇ ಅಲ್ಲಿ ಸಾಯುವುದೇಕೆ? ಬೀಳುವ ನೀರು ಗಾಳಿಯನ್ನು ಒಳಗೆಳೆದು ನೊರೆಯಾಗಿಸುತ್ತದೆ. ನೊರೆನೀರು ಮೈಯನ್ನು ತೇಲಿಸುವುದಿಲ್ಲ, ಕೈ ಬೀಸಿದರೆ ಹಿಡಿತವನ್ನೂ ಕೊಡುವುದಿಲ್ಲ. ಮೇಲ್ಮೈಯ ಸೆಳೆತ ಜಲಪಾತದ ಕಡೆಗೇ ತಿರುಗಿ, ಸಿಕ್ಕವರನ್ನು ಬೀಳುವ ನೀರಿನಡಿಗೆ ಮತ್ತೆ ಮತ್ತೆ ತಳ್ಳುತ್ತದೆ. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ಬಿದ್ದೊಡನೆ ಉಸಿರು ತಾನಾಗಿ ಒಳಕ್ಕೆಳೆದುಕೊಳ್ಳುತ್ತದೆ; ಆಗ ಬಾಯಿ ನೀರೊಳಗಿದ್ದರೆ ಮುಗಿಯಿತು. ಕಳೆದ ವರ್ಷ ಧುಮುಕಿದ ಜಾಗದಲ್ಲಿ ಈ ವರ್ಷ ಬಂಡೆಯೋ ಮರವೋ ಬಂದು ಕೂತಿರಬಹುದು. ‘ಆಳ 5 ಮೀಟರ್’ ಎಂಬ ಫಲಕ ಹಾಕಬೇಡಿ, ಅದು ಧುಮುಕಲು ಕೊಟ್ಟ ಆಹ್ವಾನವಾಗುತ್ತದೆ. ಬದಲಿಗೆ ದಡದಲ್ಲಿ ಎರಡು ಕಡೆ ಎಸೆಯುವ ಹಗ್ಗದ ಚೀಲ ಇಡಿ: ನೀರಲ್ಲಿ ತೇಲುವ ಹಗ್ಗ, 20 ಮೀಟರ್. ಕಾಪಾಡಲು ಹಾರಿದವರು ಎರಡನೆಯ ಶವವಾಗುವುದು ಪದೇ ಪದೇ ನಡೆಯುವ ಸಂಗತಿ. ಹರಿವಿನಲ್ಲಿ ಸಿಕ್ಕವರು ಎದ್ದು ನಿಲ್ಲಲು ಹೋಗಬಾರದು, ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ನೀರೇ ಮುಖ ಅಡಿಯಾಗಿ ಮಲಗಿಸುತ್ತದೆ. ಅಂಗಾತ, ಕಾಲು ಮುಂದೆ, ಕಾಲ್ಬೆರಳು ನೀರಿನ ಮೇಲೆ. ಇಷ್ಟನ್ನು ಒಂದು ಚಿತ್ರದಲ್ಲಿ ತೋರಿಸಬಹುದು.

ದಾರಿ ಕಡಿಯುವವರಿಗೆ ಗೊತ್ತಿರುವ ಸೂತ್ರಗಳನ್ನೇ ಪಾಲಿಸಿದರೆ ಅರ್ಧ ಜಾರುವಿಕೆ ತಪ್ಪುತ್ತದೆ. ದಾರಿಯ ಏರು ಗುಡ್ಡದ ಪಕ್ಕದ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿರಬಾರದು, ಸರಾಸರಿ ನೂರಕ್ಕೆ 10 ಸಾಕು. ಇಲ್ಲವಾದರೆ ಮಳೆನೀರು ದಾರಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ದಾರಿ ಹೊರಬದಿಗೆ ನೂರಕ್ಕೆ 5ರಷ್ಟು ವಾಲಿರಲಿ. ಮೆಟ್ಟಿಲಿನ ಎತ್ತರ 15ರಿಂದ 20 ಸೆಂಟಿಮೀಟರ್, ಮೊದಲಿನಿಂದ ಕೊನೆವರೆಗೆ ಒಂದೇ ಅಳತೆ. ನೆರಳಿನಲ್ಲಿ ಮರದ ಹಲಗೆ ಮೆಟ್ಟಿಲು ಬೇಡವೇ ಬೇಡ. ಕಲ್ಲಿನದಾದರೆ ಮುಖವನ್ನು ಉಳಿಯಿಂದ ಒರಟು ಮಾಡಿ.

ಕಾಲು ಮುರಿದವರನ್ನು ಮೇಲೆ ತರುವುದು ಎಷ್ಟು ದೊಡ್ಡ ಕೆಲಸವೆಂದು ಹೊರದವರಿಗೆ ಗೊತ್ತಾಗದು. ಸ್ಟ್ರೆಚರಿಗೆ ಒಂದು ಹೊತ್ತಿಗೆ ಆರು ಜನ, ಬದಲಾಯಿಸಿಕೊಳ್ಳಲು ಇನ್ನೆರಡು ತಂಡ. ಸ್ಟ್ರೆಚರ್, ಕಂಬಳಿ, ಪಟ್ಟಿಗಳ ಪೆಟ್ಟಿಗೆಯನ್ನು ಮೇಲಿನ ಕಚೇರಿಯಲ್ಲಿಡದೆ ಬುಡದಲ್ಲೇ ಇಟ್ಟರೆ ಒಂದು ಇಳಿತ ಉಳಿಯುತ್ತದೆ. ದಾರಿಯುದ್ದಕ್ಕೂ ಪ್ರತಿ 200 ಮೀಟರಿಗೆ ಸಂಖ್ಯೆ ಬರೆದ ಕಂಬ ಇರಲಿ. ‘ದೊಡ್ಡ ಮರದ ಹತ್ತಿರ ಬಿದ್ದಿದ್ದಾರೆ’ ಎಂಬ ಮಾತಿನಿಂದ ಕಾಡಿನಲ್ಲಿ ಯಾರೂ ಸಿಗುವುದಿಲ್ಲ. ಕಮರಿಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಸೀಟಿಯ ಸಂಕೇತ ಫಲಕದಲ್ಲಿರಲಿ: ನಿಮಿಷಕ್ಕೆ ಆರು ಸಲ ಊದುವುದು, ಒಂದು ನಿಮಿಷ ಬಿಡುವು, ಮತ್ತೆ ಆರು. ಉತ್ತರಕ್ಕೆ ಮೂರು.

ತುಂತುರು ತಾಗುವ ಜಾಗ ಕಾಡಿನೊಳಗಿನ ಬೇರೆಯೇ ಕಾಡು. ಗಯಾನಾದ 226 ಮೀಟರ್ ಎತ್ತರದ ಕೈಯೆಟೂರ್ ಜಲಪಾತದ ಬಳಿ ಪುಟ್ಟ ಹೊಂಬಣ್ಣದ ಕಪ್ಪೆಯೊಂದು ದೈತ್ಯ ಬ್ರೊಮೀಲಿಯಡ್ ಗಿಡಗಳ ಎಲೆಬುಡದಲ್ಲಿ ನಿಲ್ಲುವ ನೀರಿನಲ್ಲೇ ಬಾಳುತ್ತದೆ. ಇಗ್ವಾಸುವಿನಲ್ಲಿ ಬಾನಾಡಿಗಳು ಧುಮುಕುವ ನೀರಿನ ಹಿಂದಿನ ಬಂಡೆಗೆ ಗೂಡು ಕಟ್ಟುತ್ತವೆ. ಜಲಪಾತದ ಹಿಂದೆ ನಡೆಯುವ ದಾರಿ ಮಾಡುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ: ಮೇಲೆ ಹೇಳಿದ ಪೊಳ್ಳು ಇರುವುದೂ ಅಲ್ಲೇ. ಇನ್ನು ಶೌಚ. ನೀರಿನಿಂದ 60 ಮೀಟರ್ ದೂರ, 15–20 ಸೆಂಟಿಮೀಟರ್ ಗುಂಡಿ ಎಂಬ ನಿಯಮ ಮಣ್ಣು ಇರುವ ಕಡೆಗೆ ಸರಿ. ಹಾಸುಬಂಡೆಯ ಮೇಲೆ ಗುಂಡಿ ತೋಡುವುದೆಲ್ಲಿ? ವಾಹನ ನಿಲ್ಲುವಲ್ಲೇ ಶೌಚಾಲಯ ಕಟ್ಟಿ, ‘ಮುಂದೆ ಇಲ್ಲ’ ಎಂದು ಬರೆಯಿರಿ.

ಕೊನೆಯದಾಗಿ ಆ ಫಲಕ. ಅದರಲ್ಲಿ ಸ್ಥಿರವಾಗಿ ಬರೆಯಬೇಕಾದದ್ದು ದೂರ, ಏರು, ವಾಪಸಾತಿಗೆ ಬೇಕಾಗುವ ಸಮಯ, ಕರೆ ಮಾಡಬೇಕಾದ ಸಂಖ್ಯೆ. ಸೀಮೆಸುಣ್ಣದಲ್ಲಿ ದಿನವೂ ಬರೆಯಬೇಕಾದದ್ದು ನೀರಿನ ಮಟ್ಟ, ಅದನ್ನು ನೋಡಿದ ಹೊತ್ತು, ಇಳಿಯಲು ಕೊನೆಯ ಹೊತ್ತು, ಇಂದು ತೆರೆದಿರುವ ಭಾಗ. ಹೊತ್ತು ಬರೆಯದ ಮಟ್ಟಕ್ಕೆ ಬೆಲೆಯಿಲ್ಲ. ಬೆಳಿಗ್ಗೆ 8ರ ಓದು ಮಧ್ಯಾಹ್ನ 2ಕ್ಕೆ ಸುಳ್ಳಾಗಿರಬಹುದು. ಮೂರು ಗಂಟೆಗೊಮ್ಮೆ, ಮಳೆಯಿದ್ದರೆ ಅರ್ಧ ಗಂಟೆಗೊಮ್ಮೆ ತಿದ್ದಬೇಕು.

ಎಲ್ಲವೂ ಒಟ್ಟಿಗೆ ಆಗದಿದ್ದರೆ ತಳದ ಅಳತೆಯಿಂದ ಶುರು ಮಾಡಿ. ಹಳ್ಳದೊಳಗೆ ನಿಂತು ಹಗ್ಗ ಹಿಡಿದು ಆಳ ನೋಡುವ ಕೆಲಸ ನೀರು ತಗ್ಗಿರುವ ತಿಂಗಳುಗಳಲ್ಲಿ ಮಾತ್ರ ಸಾಧ್ಯ. ಮಳೆ ಹಿಡಿದ ಮೇಲೆ ಆ ಅವಕಾಶ ಮತ್ತೆ ಸಿಗುವುದು ಮುಂದಿನ ವರ್ಷಕ್ಕೇ.

ಇತಿ,
ಜಲಪಾತದ ದಾರಿಗಳಲ್ಲಿ ನಡೆಯುವವರು ಮತ್ತು ನಡೆಸುವವರು